ಕಣ್ಣು ಮುಚ್ಚಿದರೆ ಅಪ್ಪ ವಾಲುತ್ತಾರೆ, ಯಾಕೆ?

ಪ್ರಶ್ನೆ: ಅಪ್ಪನಿಗೆ 61 ವರ್ಷ. ತುಂಬಾ ವರ್ಷದಿಂದ ಶುಗರ್ ಇದೆ, ಮೆಟ್‌ಫಾರ್ಮಿನ್ ತಗೊಳ್ಳುತ್ತಾರೆ. ಈಗಲೂ ಮಂಡಕ್ಕಿ ಭಟ್ಟಿಗೆ ಕೆಲಸಕ್ಕೆ ಹೋಗುತ್ತಾರೆ. ಇತ್ತೀಚೆಗೆ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ ಸಾಕು, ವಾಲಿ ಗೋಡೆ ಹಿಡಿಯುತ್ತಾರೆ. ಕರೆಂಟ್ ಹೋದರಂತೂ ನಿಲ್ಲೋಕೇ ಆಗಲ್ಲ. ತಲೆ ಸುತ್ತು ಇಲ್ಲವಂತೆ. ಕಾಲು ಅಗಲಿಸಿ, ನೆಲ ನೋಡುತ್ತಾ ನಿಲ್ಲುತ್ತಾರೆ. ವಯಸ್ಸಾಯಿತು ಅಂತ ಸುಮ್ಮನಿರಬಹುದಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಸುಮ್ಮನಿರಬೇಡಿ. ಪಾದದ ನರಗಳು ಕೆಟ್ಟಿರುವ ಸಾಧ್ಯತೆ ಜಾಸ್ತಿ.

ನೆಟ್ಟಗೆ ನಿಲ್ಲಬೇಕಾದರೆ ಮಿದುಳಿಗೆ ಮೂರು ಕಡೆಯಿಂದ ಸುದ್ದಿ ಬರಬೇಕು: ಕಣ್ಣು, ಒಳಕಿವಿ, ಮತ್ತೆ ಕಾಲಿನ ನರಗಳು. ಸುಮ್ನೆ ನಿಂತಾಗಲೂ ನಮ್ಮ ಮೈ ಸ್ವಲ್ಪ ಸ್ವಲ್ಪ ತೂಗುತ್ತಲೇ ಇರುತ್ತದೆ. ಮುಂದಕ್ಕೆ ವಾಲಿದ ಕೂಡಲೇ ಅಂಗಾಲಿನ ಮೇಲೆ ಭಾರ ಬದಲಾಗಿದ್ದನ್ನು ನರ ಹೇಳುತ್ತದೆ, ಮೀನಖಂಡ ಬಿಗಿಯಾಗಿ ಮೈಯನ್ನು ಹಿಂದಕ್ಕೆ ಎಳೆಯುತ್ತದೆ, ಇದೆಲ್ಲ ನಮ್ಮ ಗಮನಕ್ಕೇ ಬರುವುದಿಲ್ಲ. ಶುಗರ್‌ನಲ್ಲಿ ಮೊದಲು ಕೆಡುವುದು ಉದ್ದದ ನರಗಳು, ಅಂದರೆ ಪಾದಕ್ಕೆ ಹೋಗುವಂಥವು. ಆಗ ಸುದ್ದಿ ತಡವಾಗುತ್ತದೆ, ಇಲ್ಲವೇ ಬರುವುದೇ ಇಲ್ಲ. ಆ ಕೊರತೆಯನ್ನು ಕಣ್ಣು ತುಂಬಿಕೊಡುತ್ತದೆ. ಅದಕ್ಕೇ ಅಪ್ಪ ನೆಲ ನೋಡುತ್ತಾರೆ. ಕಣ್ಣು ಮುಚ್ಚಿದರೆ ಆ ಆಸರೆಯೂ ಹೋಯಿತು, ಅಲ್ವಾ?

ಡಾಕ್ಟರು ಪಾದ ಜೋಡಿಸಿ ಕಣ್ಣು ಮುಚ್ಚಿ ನಿಲ್ಲಿಸುತ್ತಾರೆ, ಇದಕ್ಕೆ ರೋಂಬರ್ಗ್ ಪರೀಕ್ಷೆ ಅನ್ನುತ್ತಾರೆ. ಮನೆಯಲ್ಲಿ ನೀವೇ ಮಾಡಿ ನೋಡಬೇಡಿ, ಬಿದ್ದಾರು. 128 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕನ್ನು (ತಟ್ಟಿದರೆ ಸೆಕೆಂಡಿಗೆ 128 ಸಲ ಅದುರುವ ಲೋಹದ ಕವೆ) ಕಾಲಿನ ಹೆಬ್ಬೆರಳಿಗಿಟ್ಟು ಅದುರುವುದು ಗೊತ್ತಾಗುತ್ತಾ ಅಂತಲೂ ಕೇಳುತ್ತಾರೆ. ಒಂದನ್ನು ಮಾತ್ರ ನೀವೇ ನೆನಪಿಸಿ ಮಾಡಿಸಿ: ಬಿ12 ಎಂಬ ವಿಟಮಿನ್‌ನ ರಕ್ತಪರೀಕ್ಷೆ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡವರಲ್ಲಿ ಬಿ12 ಕಡಿಮೆಯಾಗಬಹುದು, ಮಾಂಸ, ಮೊಟ್ಟೆ ತಿನ್ನದವರಲ್ಲಿ ಈ ಸಾಧ್ಯತೆ ಇನ್ನೂ ಜಾಸ್ತಿ. ಅದೂ ಇದೇ ಥರ ವಾಲಿಸುತ್ತದೆ. ಬೇಗ ಗೊತ್ತಾದರೆ ಇಂಜೆಕ್ಷನ್, ಮಾತ್ರೆಯಿಂದ ಎಷ್ಟೋ ಸುಧಾರಿಸುತ್ತದೆ, ತಡವಾದರೆ ನರದ ಹಾನಿ ಉಳಿದುಬಿಡಬಹುದು. ಹಾಗಂತ ಮೆಟ್‌ಫಾರ್ಮಿನ್ ನೀವೇ ನಿಲ್ಲಿಸಬೇಡಿ.

ಬಚ್ಚಲಲ್ಲಿ ಕೂತು ಸ್ನಾನ ಮಾಡಲಿ, ಗೋಡೆಗೆ ಹಿಡಿಕೆ ಹಾಕಿಸಿ, ರಾತ್ರಿ ಸಣ್ಣ ದೀಪ ಇರಲಿ, ಕರೆಂಟ್ ಹೋದರೆ ಕೈಗೆಟುಕುವಂತೆ ಟಾರ್ಚ್ ಇಡಿ. ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವ ಅಭ್ಯಾಸ ಒಳ್ಳೆಯದು, ಪಕ್ಕದಲ್ಲಿ ಯಾರಾದರೂ ಇರಬೇಕು. ನನಗೆ ಜಾಸ್ತಿ ಭಯವಿರುವುದು ಭಟ್ಟಿಯದು. ಅಲ್ಲಿ ಬಿಸಿ ಮರಳು ಕಾಲಿಗೆ ತಾಗಿದರೂ ಅವರಿಗೆ ಗೊತ್ತಾಗದೇ ಹೋಗಬಹುದು, ಒಲೆಯ ಪಕ್ಕ ವಾಲಿದರಂತೂ ಕಷ್ಟ. ಡಾಕ್ಟರು ನೋಡುವವರೆಗೆ ಒಲೆ ಮುಂದಿನ ಕೆಲಸ ಬಿಡಿಸಿ. ಬರಿಗಾಲಲ್ಲಿ ಓಡಾಡುವುದು ಬೇಡ, ರಾತ್ರಿ ನೀವೇ ಅವರ ಅಂಗಾಲು ನೋಡಿ.

ಕಾಲಿನ ಬಲ ದಿಢೀರ್ ಅಂತ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ಮಾತ್ರ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.