ವರ್ಷಾಂತ್ಯದ ಲೆಕ್ಕಕ್ಕೆ ದಿನಗಳೂ ಸೇರಲಿ

ಪ್ರಶ್ನೆ: ನಾನು ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕ. ಸೇವೆಗೆ ಸೇರಿ 24 ವರ್ಷವಾಯಿತು, ನಿವೃತ್ತಿಗೆ ಇನ್ನೂ ಒಂಬತ್ತು ವರ್ಷವಿದೆ. ಗಳಿಕೆ ರಜೆ ಹಾಕಿದ್ದು ತೀರಾ ಅಪರೂಪ. ಪ್ರತಿ ವರ್ಷ 15 ದಿನಗಳನ್ನು ನಗದೀಕರಿಸಿಕೊಂಡು ಆ ಹಣವನ್ನು ಮಕ್ಕಳ ಓದಿಗೆಂದು ಠೇವಣಿ ಇಡುತ್ತ ಬಂದಿದ್ದೇನೆ. ನನ್ನ ಅವ್ವನಿಗೆ ಈಗ 78 ವರ್ಷ. ಊರಿನಲ್ಲಿ ಅಣ್ಣನ ಜತೆಗಿದ್ದಾರೆ. ‘ಒಮ್ಮೆ ಗೋಕರ್ಣಕ್ಕ ಕರಕೊಂಡು ಹೋಗೋ ತಮ್ಮಾ, ಸಮುದ್ರ ನೋಡಬೇಕು, ಬರೂಮುಂದ ಅಕ್ಕನ ಮನ್ಯಾಗ ನಾಕ ದಿನ ಇದ್ದು ಬರೂಣು’ ಎಂದು ಬಹಳ ವರ್ಷಗಳಿಂದ ಕೇಳುತ್ತಿದ್ದಾರೆ. ಯುಗಾದಿ, ಜಾತ್ರೆ, ದೀಪಾವಳಿಗೆ ಎರಡೆರಡು ದಿನ ಹೋಗಿ ಬರುವುದಷ್ಟೇ ನನ್ನಿಂದ ಆಗಿದೆ. ಈ ವರ್ಷವೂ ಮುಗಿಯಿತು. ನಿವೃತ್ತಿಯಾದ ಮೇಲೆ ಬೇಕಾದಷ್ಟು ಸಮಯ ಸಿಗುತ್ತದೆ ಎಂದು ಕಾಯುವುದು ತಪ್ಪೇ?
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಕಾಯಬೇಡಿ. ನಿಮಗೆ ಸಮಯ ಸಿಗುವ ಹೊತ್ತಿಗೆ ನಿಮ್ಮ ಅವ್ವನಿಗೆ 87 ವರ್ಷವಾಗಿರುತ್ತದೆ. ಆ ವಯಸ್ಸಿನಲ್ಲಿ ಆರೋಗ್ಯ ನೆಟ್ಟಗಿದ್ದರೂ ಘಟ್ಟ ಇಳಿಯುವ ಪ್ರಯಾಣವನ್ನು ಮೈ ತಡೆಯುತ್ತದೆಯೇ ಎಂಬುದನ್ನು ಇಂದೇ ಹೇಳಲು ಯಾರಿಂದಲೂ ಆಗದು. ಅವರು ಸೇರಬೇಕೆಂದಿರುವ ಅಕ್ಕ ಅವರಿಗಿಂತ ಹಿರಿಯರು ಎಂಬುದನ್ನೂ ಮರೆಯಬೇಡಿ.

ನೀವು ಕಚೇರಿಯ ಲೆಕ್ಕಪತ್ರ ಬಲ್ಲವರು, ಆದ್ದರಿಂದ ನಿಮ್ಮದೇ ಸೇವಾ ಪುಸ್ತಕದ ಲೆಕ್ಕವನ್ನು ಮುಂದಿಡುತ್ತೇನೆ. ನಿಮ್ಮ ಖಾತೆಗೆ ಜನವರಿ 1ರಂದು 15, ಜುಲೈ 1ರಂದು 15, ಹೀಗೆ ವರ್ಷಕ್ಕೆ 30 ದಿನಗಳ ಗಳಿಕೆ ರಜೆ ಜಮೆಯಾಗುತ್ತದೆ. ಅದರಲ್ಲಿ 15 ದಿನಗಳನ್ನು ನಗದೀಕರಿಸಿ ಉಳಿದದ್ದನ್ನು ಮುಟ್ಟದೆ ಬಿಟ್ಟವರಿಗೆ 20 ವರ್ಷಗಳಲ್ಲಿ 300 ದಿನ ತುಂಬುತ್ತದೆ. ನಿವೃತ್ತಿಯ ವೇಳೆ ಹಣವಾಗಿ ಪಡೆಯಬಹುದಾದ ಗರಿಷ್ಠ ಮಿತಿಯೂ ಅಷ್ಟೇ. 24 ವರ್ಷ ಸೇವೆ ಮಾಡಿರುವ ನೀವು ಆ ಮಿತಿಯನ್ನು ಮುಟ್ಟಿರಬೇಕು, ಇಲ್ಲವೇ ಅದರ ಅಂಚಿನಲ್ಲಿರಬೇಕು. ಅಂದರೆ ಇನ್ನು ಮುಂದೆ ಪ್ರತಿ ವರ್ಷ 15 ದಿನಗಳನ್ನು ಎಂದಿನಂತೆ ನಗದೀಕರಿಸಿಕೊಂಡ ಮೇಲೂ ಉಳಿಯುವ 15 ದಿನಗಳನ್ನು ನೀವು ರಜೆಯಾಗಿ ಬಳಸಲಿಲ್ಲವಾದರೆ ಅವು ಹಣವೂ ಆಗುವುದಿಲ್ಲ, ರಜೆಯಾಗಿಯೂ ಉಳಿಯುವುದಿಲ್ಲ. ಮಕ್ಕಳ ಠೇವಣಿಯಿಂದ ಒಂದು ರೂಪಾಯಿಯನ್ನೂ ತೆಗೆಯದೆ ಅವ್ವನಿಗೆ ಕೊಡಬಹುದಾದ ದಿನಗಳು ಇವೇ. ಹಣ ಕಳೆದುಕೊಳ್ಳುತ್ತೇನೆಂಬ ಅಂಜಿಕೆಯಿಂದ ರಜೆ ಹಾಕದೆ ಇರುವ ಎಷ್ಟೋ ನೌಕರರು ಈ ಒಂದು ಅಂಶವನ್ನು ಗಮನಿಸಿರುವುದೇ ಇಲ್ಲ. ಸಂಬಂಧಪಟ್ಟ ಗುಮಾಸ್ತರಲ್ಲಿ ನಿಮ್ಮ ಬಾಕಿ ಎಷ್ಟಿದೆಯೆಂದು ಈ ವಾರವೇ ಕೇಳಿ ತಿಳಿದುಕೊಳ್ಳಿ.

ಇನ್ನೊಂದು ಲೆಕ್ಕವನ್ನು ಹೇಳಲು ನನಗೆ ಕಷ್ಟವಾಗುತ್ತದೆ, ಆದರೂ ಹೇಳಬೇಕು. ವರ್ಷಕ್ಕೆ ಮೂರು ಸಲ, ಎರಡೆರಡು ದಿನವೆಂದರೆ ಆರು ದಿನ. ಇದೇ ರೀತಿ ಮುಂದುವರಿದರೆ ಬರುವ ಐದು ವರ್ಷಗಳಲ್ಲಿ ನೀವು ಅವ್ವನ ಜತೆ ಕಳೆಯುವುದು 30 ದಿನ ಮಾತ್ರ. ಸರ್ಕಾರ ಒಂದೇ ವರ್ಷದಲ್ಲಿ ನಿಮಗೆ ಕೊಡುವ ಗಳಿಕೆ ರಜೆಯೂ ಅಷ್ಟೇ ಇದೆ. ಆ ಆರು ದಿನಗಳಲ್ಲೂ ಹಬ್ಬದ ಗಡಿಬಿಡಿ, ನೆಂಟರಿಷ್ಟರು, ಹೊಲದ ವಿಚಾರಗಳು ಸೇರಿಕೊಂಡು, ಪಕ್ಕದಲ್ಲಿ ಕುಳಿತು ಮಾತಾಡಿದ ಹೊತ್ತು ಎಷ್ಟು ಉಳಿಯುತ್ತದೆ ಎಂಬುದು ನಿಮಗೇ ಗೊತ್ತು.

ಪ್ರವಾಸಕ್ಕೆ ದೊಡ್ಡ ಖರ್ಚೇನೂ ಇಲ್ಲ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದಾಗಿ ರಾಜ್ಯದೊಳಗಿನ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ನಿಮ್ಮ ಅವ್ವನಿಗೆ ಟಿಕೆಟ್ಟಿನ ಹಣ ಕೊಡಬೇಕಾಗಿಲ್ಲ. ಆದರೂ 78ರ ವಯಸ್ಸಿನವರನ್ನು ಒಂದೇ ದಿನದಲ್ಲಿ ಘಟ್ಟ ಇಳಿಸಬೇಡಿ. ಶಿರಸಿಯಲ್ಲಿ ಒಂದು ರಾತ್ರಿ ತಂಗಿ, ಮಾರಿಕಾಂಬೆಯ ದರ್ಶನ ಮಾಡಿಸಿ, ಮರುದಿನ ನಿಧಾನವಾಗಿ ಹೊರಡಿ. ಶಿವರಾತ್ರಿಯ ಸುಮಾರಿಗೆ ಗೋಕರ್ಣದಲ್ಲಿ ವಿಪರೀತ ಜನಸಂದಣಿ ಇರುತ್ತದೆ, ಆಮೇಲೆ ಕರಾವಳಿಯ ಸೆಕೆ ಏರುತ್ತದೆ, ಜನವರಿಯೇ ಒಳ್ಳೆಯದು. ಮಹಾಬಲೇಶ್ವರನ ಗುಡಿಯಿಂದ ಕಡಲು ಹೆಚ್ಚು ದೂರವಿಲ್ಲ. ಸಂಜೆಯ ಹೊತ್ತು ಕರೆದುಕೊಂಡು ಹೋಗಿ ಒಣ ಮರಳಿನ ಮೇಲೆ ಕೂರಿಸಿ. ನೀರಿಗೆ ಇಳಿಯಲೇಬೇಕೆಂದಾಗಲಿ, ಫೋಟೊಕ್ಕೆ ನಿಲ್ಲಬೇಕೆಂದಾಗಲಿ ಅವಸರಪಡಿಸಬೇಡಿ. ಬಯಲುಸೀಮೆಯ ಹೊಲಗಳಲ್ಲಿ ಬದುಕು ಕಳೆದವರು ಮೊದಲ ಸಲ ಸಮುದ್ರದ ಮುಂದೆ ಕುಳಿತಾಗ ಬಹಳ ಹೊತ್ತು ಸುಮ್ಮನಿರುತ್ತಾರೆ. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಾವೇ ಏಳುತ್ತಾರೆ. ಆಗ ಕೈ ಹಿಡಿಯಲು ನೀವು ಪಕ್ಕದಲ್ಲಿದ್ದರೆ ಸಾಕು.

ದೊಡ್ಡವ್ವನ ಮನೆಯ ನಾಲ್ಕು ದಿನಗಳನ್ನು ಮಾತ್ರ ಒಂದಕ್ಕೆ ಇಳಿಸಬೇಡಿ ಎಂದು ನಿಮ್ಮಲ್ಲಿ ವಿಶೇಷವಾಗಿ ಕೇಳಿಕೊಳ್ಳುತ್ತೇನೆ. ನನಗೆ ಕಾಣುವಂತೆ ಅವರ ಕೋರಿಕೆಯಲ್ಲಿ ಸಮುದ್ರಕ್ಕಿಂತ ದೊಡ್ಡದು ಅದೇ. ಅಕ್ಕತಂಗಿಯರು ಅವರೆಕಾಯಿ ಸುಲಿಯುತ್ತಲೋ ಎಲೆಯಡಿಕೆ ಹಾಕಿಕೊಳ್ಳುತ್ತಲೋ ಆಡುವ ಮಾತುಗಳಲ್ಲಿ ನಿಮ್ಮ ಅಜ್ಜ ಅಜ್ಜಿಯರ ಕಾಲದ ಸಂಗತಿಗಳು ಬರುತ್ತವೆ. ನಿಮ್ಮ ಮನೆತನದಲ್ಲಿ ಅವನ್ನು ಬಲ್ಲವರು ಇನ್ನು ಇವರಿಬ್ಬರೇ ಇರಬಹುದು. ಸಂತೆಯ ಕೆಲಸವನ್ನು ನೀವು ನೋಡಿಕೊಳ್ಳಿ, ಮಕ್ಕಳ ಪರೀಕ್ಷೆ ಅಡ್ಡ ಬರದಿದ್ದರೆ ಅವರನ್ನೂ ಜತೆಗೆ ಕರೆದೊಯ್ಯಿರಿ.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗಿ, ವಯಸ್ಸು 29. ಹೊಸ ವರ್ಷಕ್ಕೆ ಗೆಳತಿಯರು ವಿದೇಶ ಪ್ರವಾಸ ಹೊರಟಿದ್ದಾರೆ. ‘ವಸ್ತುವಿಗೆ ಹಾಕಿದ ಹಣ ಹೋಗುತ್ತದೆ, ಅನುಭವ ಉಳಿಯುತ್ತದೆ, ಕಾರ್ಡಿನಲ್ಲಿ ಕಟ್ಟಿ ಆಮೇಲೆ ತೀರಿಸು’ ಎನ್ನುತ್ತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ.
– ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ಗೆಳತಿಯರ ಮಾತಿಗೆ ಆಧಾರವಿಲ್ಲದೆ ಇಲ್ಲ. ಅಮೆರಿಕದ ಮನೋವಿಜ್ಞಾನಿಗಳಾದ ಲೀಫ್ ವ್ಯಾನ್ ಬೋವನ್ ಮತ್ತು ಥಾಮಸ್ ಗಿಲೊವಿಚ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಸ್ತು ಕೊಂಡ ಖರ್ಚಿಗಿಂತ ಪ್ರವಾಸ, ಸಂಗೀತ ಕಛೇರಿಯಂಥ ಅನುಭವಗಳಿಗೆ ಮಾಡಿದ ಖರ್ಚು ಹೆಚ್ಚು ಸಂತೋಷ ಕೊಟ್ಟಿತೆಂದು ಬಹುಪಾಲು ಜನ ಹೇಳಿದ್ದರು. ಆದರೆ ಆದಾಯ ಕಡಿಮೆಯಿದ್ದವರಲ್ಲಿ ಈ ವ್ಯತ್ಯಾಸ ಅಷ್ಟಾಗಿ ಕಾಣಲಿಲ್ಲ ಎಂಬುದೂ ಅದೇ ಅಧ್ಯಯನದಲ್ಲಿದೆ. ಇನ್ನು ಸಾಲದ ಮಾತು. ಕ್ರೆಡಿಟ್ ಕಾರ್ಡಿನ ಬಾಕಿಯ ಮೇಲೆ ತಿಂಗಳಿಗೆ ಶೇ 3ರ ಆಸುಪಾಸಿನ ಬಡ್ಡಿ ಬೀಳುತ್ತದೆ. ಅದನ್ನು ತೀರಿಸಲು ಮುಂದಿನ ಎಷ್ಟೋ ತಿಂಗಳು ನೀವು ಹೆಚ್ಚು ಹೊತ್ತು ದುಡಿಯಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಅನುಭವದ ಖರ್ಚಿಗೂ ಅನ್ವಯಿಸುತ್ತದೆ. ನಿಮ್ಮ ಮನಸ್ಸು ಹೇಳುತ್ತಿರುವುದು ಸರಿಯಾಗಿಯೇ ಇದೆ.

ಖರ್ಚು ಮಾಡಲು ಶಕ್ತಿಯಿದ್ದರೆ ನಾನು ಬೇರೊಂದು ದಾರಿಯನ್ನು ಸೂಚಿಸುತ್ತೇನೆ. 2017ರಲ್ಲಿ ಪ್ರಕಟವಾದ ಆಶ್ಲಿ ವಿಲನ್ಸ್ ಮತ್ತು ಸಂಗಡಿಗರ ಸಂಶೋಧನೆಯ ಭಾಗವಾಗಿ ಕೆನಡಾದ ವ್ಯಾಂಕೂವರಿನ 60 ಮಂದಿ ಉದ್ಯೋಗಿಗಳಿಗೆ ಒಂದು ವಾರಾಂತ್ಯ 40 ಡಾಲರ್ ಕೊಟ್ಟು ವಸ್ತು ಕೊಳ್ಳಲು, ಇನ್ನೊಂದು ವಾರಾಂತ್ಯ ಅಷ್ಟೇ ಹಣ ಕೊಟ್ಟು ಸಮಯ ಉಳಿಸಿಕೊಳ್ಳಲು ಹೇಳಲಾಯಿತು. ಸಮಯ ಉಳಿಸಿಕೊಂಡ ದಿನ ಅವರ ಮನಸ್ಸು ಹೆಚ್ಚು ಹಗುರವಾಗಿತ್ತು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ದಿನವೂ ಕಾಯುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಬಾಡಿಗೆ ತುಸು ಹೆಚ್ಚಾದರೂ ಕಚೇರಿಗೆ ಹತ್ತಿರ ಮನೆ ಮಾಡುವುದು, ವಾರದಲ್ಲಿ ಕೆಲವು ದಿನ ಅಡುಗೆಗೆ ನೆರವು ಪಡೆಯುವುದು ನಾಲ್ಕು ದಿನದ ಪ್ರವಾಸಕ್ಕಿಂತ ವರ್ಷವಿಡೀ ನಿಮಗೆ ಹೆಚ್ಚು ಬಿಡುವನ್ನು ತರುತ್ತವೆ. ಅಡುಗೆಗೆ ಬರುವ ಅಕ್ಕನಿಗೂ ಮನೆ ಮಕ್ಕಳಿರುತ್ತಾರೆ. ನಿಮಗೆ ಉಳಿಯುವ ಗಂಟೆ ಅವರ ಬದುಕಿನಿಂದ ಬಂದದ್ದು. ಸಂಬಳ ಕಡಿತವಿಲ್ಲದ ವಾರದ ರಜೆಯನ್ನು ಮೊದಲ ದಿನವೇ ಮಾತಾಡಿ ಗೊತ್ತುಮಾಡಿಕೊಳ್ಳಿ.

ಪ್ರಶ್ನೆ: ನಾನು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ ಮಾಡುತ್ತೇನೆ. ಹಣಕ್ಕಿಂತ ಸಮಯ ದೊಡ್ಡದು ಎನ್ನುವುದು ಉಳ್ಳವರ ಮಾತಲ್ಲವೇ? ಓಟಿ ಬಿಟ್ಟರೆ ನಮ್ಮ ಮನೆ ನಡೆಯುವುದಿಲ್ಲ.
– ಓದುಗರೊಬ್ಬರು, ಮಂಡ್ಯ ಜಿಲ್ಲೆ

ಉತ್ತರ: ಬಹುಮಟ್ಟಿಗೆ ಹೌದು. ಮಕ್ಕಳ ಫೀಸು, ಮನೆ ಬಾಡಿಗೆ ಬಾಕಿಯಿರುವಾಗ ಓಟಿ ಬಿಡಿ ಎಂದು ನಿಮಗೆ ಬುದ್ಧಿ ಹೇಳುವ ಹಕ್ಕು ಯಾರಿಗೂ ಇಲ್ಲ, ನಾನು ಹೇಳುವುದೂ ಇಲ್ಲ. ಆದರೆ ನಿಮಗೆ ಕಾನೂನೇ ಕೊಟ್ಟಿರುವ ಸಮಯ ಕೈತಪ್ಪದಂತೆ ನೋಡಿಕೊಳ್ಳಿ. ಓಟಿಗೆ ಮಾಮೂಲಿ ಕೂಲಿಯ ಎರಡರಷ್ಟು ಸಿಗಬೇಕು, ವಾರಕ್ಕೊಂದು ದಿನ ರಜೆ ಸಿಗಬೇಕು, ಜತೆಗೆ ನಿಗದಿತ ಅವಧಿ ಕೆಲಸ ಪೂರೈಸಿದವರಿಗೆ ಪ್ರತಿ 20 ದಿನಗಳ ದುಡಿಮೆಗೆ ಒಂದು ದಿನದಂತೆ ಸಂಬಳಸಹಿತ ರಜೆ ಸೇರುತ್ತ ಹೋಗುತ್ತದೆ. ಈ ರಜೆ ಹಾಕಿದರೆ ಕೂಲಿ ಕಡಿತವಾಗಬಾರದು. ನಿಮ್ಮ ಬಾಕಿ ರಜೆ ಎಷ್ಟಿದೆಯೆಂದು ಕಾರ್ಖಾನೆಯ ಕಚೇರಿಯಲ್ಲಿ ಬರವಣಿಗೆಯಲ್ಲಿ ಕೇಳಿ. ಒಬ್ಬರೇ ಕೇಳಲು ಹಿಂಜರಿಕೆಯಾದರೆ ನಿಮ್ಮ ಲೈನಿನ ನಾಲ್ಕಾರು ಮಂದಿ ಸೇರಿ ಅರ್ಜಿ ಕೊಡಿ. ಉತ್ತರ ಬಾರದಿದ್ದರೆ ಕಾರ್ಮಿಕ ಇಲಾಖೆಯ ಕಚೇರಿಗೆ ದೂರು ಸಲ್ಲಿಸಬಹುದು.