ಕೋಚ್ ಇರಲಿ, ಮೊದಲು ಸ್ಟ್ರೈಕರ್ ಹುಡುಕಲಿ

2024-25ರ ಐಎಸ್‌ಎಲ್ (ಭಾರತದ ಫುಟ್‌ಬಾಲ್ ಲೀಗ್) ಫೈನಲ್ ಸೋತ ಮೇಲೆ ಬೆಂಗಳೂರು ಎಫ್‌ಸಿ ಕೋಚ್ ಬದಲಿಸಬೇಕೇ, ಯಾರನ್ನು ಕೊಳ್ಳಬೇಕು ಎಂದು ಕೇಳಿದ್ದೀರಿ. ಆ ಫೈನಲ್ ಹೊತ್ತಿನ ತಂಡವನ್ನು ನೋಡಿ ಹೇಳುವುದಾದರೆ, ಆಗಿನ ಕೋಚ್ ಜರಾಗೋಜಾ ಅವರನ್ನು ಬಿಡುವ ಮಾತೇ ಬೇಡ. ಹಿಂದಿನ ವರ್ಷ 10ನೇ ಸ್ಥಾನದಲ್ಲಿದ್ದ ತಂಡ 38 ಅಂಕಗಳೊಂದಿಗೆ ಮೂರನೆಯದಾಯಿತು.

ತೊಂದರೆ ಇರುವುದು ವಯಸ್ಸಿನಲ್ಲಿ. ಛೆಟ್ರಿ 40ರಲ್ಲಿ 14 ಗೋಲು ಹೊಡೆದರು ನಿಜ, ಆದರೆ ಅದೇ ಅಪಾಯದ ಗಂಟೆ. ನೊಗೇರಾ, ಮೆಂಡೆಜ್, ಪೆರೇರಾ ಡಿಯಾಜ್, ಕಾಪೊ, ಜೊವಾನೊವಿಚ್, ವಿಲಿಯಮ್ಸ್: ಆಗಿನ ಆರು ವಿದೇಶಿಯರೂ ಮೂವತ್ತು ದಾಟಿದವರೇ. ಮುಂದೆ ನಿಂತು ಚೆಂಡಿಗಾಗಿ ಒತ್ತಡ ಹಾಕುವ ಆಟಕ್ಕೆ ಇವರ ಕಾಲು 90 ನಿಮಿಷ ಬರುವುದಿಲ್ಲ. ಮೋಹನ್ ಬಗಾನ್ ವಿರುದ್ಧದ ಫೈನಲ್‌ನಲ್ಲಿ 49ನೇ ನಿಮಿಷಕ್ಕೆ ಮುಂದಿದ್ದೆವು. 72ಕ್ಕೆ ಅವರ ಕಮಿಂಗ್ಸ್ ಪೆನಾಲ್ಟಿ ಗೋಲು, 96ಕ್ಕೆ ಮೆಕ್‌ಲಾರೆನ್ ಗೋಲು, ಮುಗಿಯಿತು.

ಮೈದಾನದಲ್ಲಿ ಏಕಕಾಲಕ್ಕೆ ನಾಲ್ವರೇ ವಿದೇಶಿಯರು. ಹಾಗಾಗಿ ಒಂದು ಜಾಗ 26-27 ವರ್ಷ ವಯಸ್ಸಿನ ಸ್ಟ್ರೈಕರ್‌ಗೆ, ಇನ್ನೊಂದು ಓಡಾಡುವ ಮಿಡ್‌ಫೀಲ್ಡರ್‌ಗೆ. ಅದಕ್ಕೆ ನೊಗೇರಾ ಅಥವಾ ಡಿಯಾಜ್, ಇಬ್ಬರಲ್ಲೊಬ್ಬರನ್ನು ಕಳಿಸಬೇಕಾಗುತ್ತದೆ. ನಾನಾದರೆ ಡಿಯಾಜ್ ಅವರನ್ನು. ರೋಷನ್‌ಗೆ ಬದಲಿ ಲೆಫ್ಟ್ ಬ್ಯಾಕ್ (ಎಡಬದಿಯ ರಕ್ಷಣಾ ಆಟಗಾರ) ಮಾತ್ರ ಭಾರತೀಯನೇ ಆಗಿರಲಿ, ಅಲ್ಲಿ ವಿದೇಶಿ ಜಾಗ ಕಳೆಯುವುದು ದಂಡ.