ಅರ್ಥ್ ಬ್ಯಾಂಡನ್ನು ಎಲ್ಲಿಂದ ಕೇಳಲು ಶುರುಮಾಡಬೇಕು

‘ಡೂಮ್ ಮೆಟಲ್ (ತುಂಬಾ ನಿಧಾನದ, ಭಾರವಾದ ಮೆಟಲ್ ಸಂಗೀತ) ಇಷ್ಟ ಅಂತ ಅರ್ಥ್‌ನ 1993ರ ಆಲ್ಬಂ ಹಾಕಿದೆ. ಹತ್ತು ನಿಮಿಷ ಆದರೂ ಡ್ರಮ್ ಇಲ್ಲ, ಹಾಡಿಲ್ಲ, ಆಫ್ ಮಾಡಿಬಿಟ್ಟೆ. ಇದರಲ್ಲಿ ಏನು ಕೇಳ್ತೀರಿ?’ ಅಂತ ಕೇಳಿದ್ದೀರಿ. ದಯವಿಟ್ಟು ಬ್ಯಾಂಡನ್ನೇ ಕೈಬಿಡಬೇಡಿ. ನೀವು ಹಾಕಿದ ‘ಅರ್ಥ್ 2’ ಅವರ ಆಲ್ಬಂಗಳಲ್ಲೇ ಕಠಿಣವಾದದ್ದು: ಒಂದು ಗಂಟೆಗೂ ಮಿಕ್ಕಿದ ಅವಧಿ, ಇರುವುದು ಮೂರೇ ಟ್ರ್ಯಾಕ್. ಈ ಬ್ಯಾಂಡನ್ನು ನಡುವಿನಿಂದ ಶುರುಮಾಡಿ ಆಮೇಲೆ ಹಿಂದಕ್ಕೆ ಹೋಗುವುದೇ ಒಳ್ಳೆಯದು.

ಗಿಟಾರಿಸ್ಟ್ ಡಿಲನ್ ಕಾರ್ಲ್‌ಸನ್ 1989ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಲಿಂಪಿಯಾದಲ್ಲಿ ಈ ಬ್ಯಾಂಡನ್ನು ಕಟ್ಟಿದರು. ಹೆಸರು ಹೆವಿ ಮೆಟಲ್‌ನ ಹಿರಿಯ ತಂಡ ಬ್ಲ್ಯಾಕ್ ಸಬ್ಬತ್‌ನವರು ಮೊದಲು ಇಟ್ಟುಕೊಂಡಿದ್ದದ್ದು. ಆದರೆ ಕಾರ್ಲ್‌ಸನ್‌ಗೆ ಸಬ್ಬತ್ ರಿಫ್‌ನಷ್ಟೇ (ರಿಫ್ ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಅಮೆರಿಕದ ಸಂಗೀತ ಸಂಯೋಜಕ ಲಾ ಮಾಂಟೆ ಯಂಗ್ ಅವರ ಡ್ರೋನ್ ಸಂಗೀತವೂ, ಅಂದರೆ ಒಂದೇ ಸ್ವರವನ್ನು ಉದ್ದಕ್ಕೂ ಎಳೆಯುವ ಸಂಗೀತವೂ, ಬೇಕಿತ್ತು. ಆ ಯಂಗ್ ಕಲಿತದ್ದು ಕಿರಾಣಾ ಘರಾಣೆಯ ಪಂಡಿತ್ ಪ್ರಾಣನಾಥರ ಬಳಿ. ಹಾಗಾಗಿ ‘ಅರ್ಥ್ 2’ ಕೇಳುವಾಗ ಮುಂದೇನು ಬರುತ್ತೆ ಅಂತ ಕಾಯಬೇಡಿ. ತಂಬೂರಿಗೆ ಕಿವಿ ಕೊಟ್ಟ ಹಾಗೆ ಒಂದೇ ಸ್ವರದೊಳಗೆ ಏನೇನು ಏಳುತ್ತೆ ಅಂತ ಕೇಳಿ. 1998ರಲ್ಲಿ ಶುರುವಾದ ಸನ್ (Sunn O)))) ಅನ್ನುವ ಡ್ರೋನ್ ಮೆಟಲ್ ತಂಡ ಹುಟ್ಟಿದ್ದೇ ಈ ಆಲ್ಬಂ ಮೇಲಿನ ಅಭಿಮಾನದಿಂದ.

1996ರ ‘ಪೆಂಟಾಸ್ಟಾರ್’ ಆಲ್ಬಂ ನಂತರ ಬ್ಯಾಂಡ್ ವರ್ಷಗಟ್ಟಲೆ ಸುಮ್ಮನಾಯಿತು. ಕಾರ್ಲ್‌ಸನ್ ಮಾದಕ ವ್ಯಸನದಲ್ಲಿ ನರಳಿದ ಕಾಲ ಅದು. ಮರಳಿ ಬಂದಾಗ ಜೊತೆಗೆ ಡ್ರಮ್ಮರ್ ಏಡ್ರಿಯನ್ ಡೇವೀಸ್ ಇದ್ದರು. ನನಗೆ ಅರ್ಥ್‌ನ ಅಸಲಿ ಕಥೆ ಇಲ್ಲಿಂದಲೇ. 2005ರ ‘ಹೆಕ್ಸ್’ ಆಲ್ಬಂನಲ್ಲಿ ಡಿಸ್ಟಾರ್ಶನ್, ಅಂದರೆ ಗಿಟಾರಿನ ಸದ್ದನ್ನು ಒಡೆದು ಒರಟಾಗಿಸುವುದನ್ನು, ತೆಗೆದೇಬಿಟ್ಟರು! ಕಂಟ್ರಿ ಸಂಗೀತದ ಕ್ಲೀನ್ ಗಿಟಾರ್, ಆದರೂ ಭಾರ ಒಂದಿಷ್ಟೂ ಇಳಿದಿಲ್ಲ. ಡೂಮ್‌ನ ಭಾರ ಇರುವುದು ಆ ಒರಟು ಸದ್ದು ಹೆಚ್ಚಿಸುವ ಗೇನ್‌ನಲ್ಲಲ್ಲ, ಎರಡು ಪೆಟ್ಟಿನ ನಡುವಿನ ಬಿಡುವಿನಲ್ಲಿ ಅನ್ನುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಇನ್ನೊಂದು ತಂಡ ನನಗಂತೂ ಸಿಕ್ಕಿಲ್ಲ. ಡೇವೀಸ್ ನುಡಿಸುವ ಲೈವ್ ವಿಡಿಯೊ ಹುಡುಕಿ ನೋಡಿ. ಕೋಲು ಹಿಡಿದ ಕೈ ಮೇಲೇಳುತ್ತೆ, ನಿಧಾನಕ್ಕೆ ಕೆಳಗಿಳಿಯುತ್ತೆ, ಸಿಂಬಲ್‌ನ ಸದ್ದು ಆರುತ್ತಾ ಬರುವ ಹೊತ್ತಿಗೆ ಮುಂದಿನ ಪೆಟ್ಟು.

ನೀವು ಮೊದಲು 2008ರ ‘ದ ಬೀಸ್ ಮೇಡ್ ಹನಿ ಇನ್ ದ ಲಯನ್ಸ್ ಸ್ಕಲ್’ ಹಾಕಿ. ರಾಗ ಇದೆ, ಪಿಯಾನೊ, ಆರ್ಗನ್ ಇವೆ, ಕೆಲವು ಟ್ರ್ಯಾಕ್‌ಗಳಲ್ಲಿ ಜಾಝ್ ಗಿಟಾರಿಸ್ಟ್ ಬಿಲ್ ಫ್ರಿಸೆಲ್ ಇದ್ದಾರೆ. ಅದು ಹಿಡಿಸಿದರೆ ‘ಹೆಕ್ಸ್’. ಆಮೇಲೆ 2011 ಮತ್ತು 2012ರಲ್ಲಿ ಎರಡು ಭಾಗವಾಗಿ ಬಂದ ‘ಏಂಜಲ್ಸ್ ಆಫ್ ಡಾರ್ಕ್‌ನೆಸ್, ಡೀಮನ್ಸ್ ಆಫ್ ಲೈಟ್’. ಅದರಲ್ಲಿ ಲೋರಿ ಗೋಲ್ಡ್‌ಸ್ಟನ್ ಅವರ ಚೆಲ್ಲೋ ಗಿಟಾರಿನ ಜೊತೆಜೊತೆಗೇ ಎಳೆಯುತ್ತಾ ಹೋಗುತ್ತೆ. ಹಾಡುವ ದನಿ ಬೇಕೇ ಬೇಕು ಅನ್ನಿಸಿದರೆ ರಾಕ್ ಗಾಯಕ ಮಾರ್ಕ್ ಲ್ಯಾನೆಗನ್ ಹಾಡಿರುವ 2014ರ ‘ಪ್ರಿಮಿಟಿವ್ ಆಂಡ್ ಡೆಡ್ಲಿ’. ‘ಅರ್ಥ್ 2’ ಇವೆಲ್ಲ ಆದಮೇಲೆ.

ಫೋನಿನ ಸ್ಪೀಕರಲ್ಲಿ ಮಾತ್ರ ಕೇಳಬೇಡಿ. ತಗ್ಗಿನ ಸ್ವರಗಳು ಅದರಲ್ಲಿ ಬರುವುದೇ ಇಲ್ಲ, ಉಳಿಯುವುದು ಬರೀ ಗೊರಗೊರ. ಕಿವಿ ಮುಚ್ಚುವಂಥ ಹೆಡ್‌ಫೋನ್ ಆದರೂ ಇರಲಿ. ವಾಲ್ಯೂಮ್ ಹಿತವಾಗಿರುವಷ್ಟೇ ಸಾಕು, ಗಂಟೆಗಟ್ಟಲೆ ಕೇಳುವ ಸಂಗೀತ ಇದು.

ಗಿಟಾರಲ್ಲಿ ಇದನ್ನು ನುಡಿಸಿ ನೋಡಬೇಕು ಅಂತಲೂ ಬರೆದಿದ್ದೀರಿ. ಸದ್ದು ಬದಲಿಸುವ ಪೆಡಲ್ ಕೊಳ್ಳುವ ಮುಂಚೆ ಕ್ಲೀನ್ ಟೋನಲ್ಲೇ ಒಂದು ಸಣ್ಣ ರಿಫ್ ಹಿಡಿದು, ತಾಳ ಹಾಕುವ ಮೆಟ್ರೊನೋಮನ್ನು ನಿಮಿಷಕ್ಕೆ 50 ಪೆಟ್ಟಿಗೆ ಇಟ್ಟು ನುಡಿಸಿ. ತಂತಿ ಮೀಟಿದ ಮೇಲೆ ಸದ್ದು ಆರುವ ತನಕ ಬೆರಳು ಎತ್ತಬೇಡಿ. ಕೈ ತಾನಾಗೇ ಮುಂದೆ ಓಡುತ್ತೆ, ಅದನ್ನು ತಡೆಯುವುದೇ ಅಭ್ಯಾಸ. 2019ರ ‘ಫುಲ್ ಅಪಾನ್ ಹರ್ ಬರ್ನಿಂಗ್ ಲಿಪ್ಸ್’ ಆಲ್ಬಂನಲ್ಲಿ ಇರುವುದು ಕಾರ್ಲ್‌ಸನ್, ಡೇವೀಸ್ ಇಬ್ಬರೇ. ಯಾರ ಪೆಟ್ಟು ಯಾವಾಗ ಬೀಳುತ್ತೆ ಅಂತ ಬಿಡಿಬಿಡಿಯಾಗಿ ಕೇಳಿಸುವುದರಿಂದ ಜೊತೆಗೆ ನುಡಿಸಿ ಕಲಿಯಲು ಅದನ್ನೇ ಇಟ್ಟುಕೊಳ್ಳಿ.